ಪೈಲ್ವಾನ್ ಜವರಪ್ಪನ ದವಡೆಪರ್ವ

ಕೇಳಿರಯ್ಯಾ! ಹಲ್ಲುಳ್ಳವರು ಹಲ್ಲು ಬಿಗಿಹಿಡಿದು ಕೇಳಿರಿ, ಹಲ್ಲಿಲ್ಲದವರು ನಿಶ್ಚಿಂತೆಯಿಂದ ಕೇಳಿರಿ. ಈಗ ನಾನು ಹೇಳಹೊರಟಿರುವುದು ಅಪ್ಪಟ ನಡೆದ ಸಂಗತಿ. ಇದರಲ್ಲಿ ಒಂದೇ ಒಂದು ಸುಳ್ಳು ಸಿಕ್ಕಿದರೂ ನನ್ನ ಮೂವತ್ತೆರಡನ್ನೂ ಉದುರಿಸಿ. ಉದುರಿಸುವ ಮುಂಚೆ ಇಂಜೆಕ್ಷನ್ ಕೊಡಿಸಿದರೆ ಸಾಕು.

ಮೊದಲಿಗೆ ಏಕದಂತನನ್ನು ನೆನೆಯುತ್ತೇನೆ. ಒಂದು ದಂತ ಮುರಿದಾಗ ಅಯ್ಯೋ ಎನ್ನದೆ, ಅಪ್ಪ ಅಮ್ಮನಿಗೆ ದೂರು ಹೇಳದೆ, ಮುರಿದ ತುಂಡನ್ನೇ ಲೇಖನಿಯಾಗಿ ಹಿಡಿದು ಬರೆಯಲು ಕೂತ ಆ ಗಜವದನನಿಗಿಂತ ಈ ಕಥೆಗೆ ತಕ್ಕ ದೇವರು ಮೂರು ಲೋಕಗಳಲ್ಲಿ ಇನ್ನಾರಿದ್ದಾರೆ?

ಕೃತ, ತ್ರೇತಾ, ದ್ವಾಪರಗಳೆಂಬ ಮೂವರು ಅಕ್ಕಂದಿರು ಮದುವೆಯಾಗಿ ಹೋದ ಮೇಲೆ ಮನೆಯಲ್ಲುಳಿದ ಕಿರಿಮಗಳಂತೆ ಕಲಿಯುಗವು ಯಾರ ಮಾತನ್ನೂ ಕೇಳದೆ ಬೆಳೆಯುತ್ತಿದ್ದ ಕಾಲದಲ್ಲಿ. ಭೀಮಸೇನನು ಬಾದಾಮಿ ಹಾಲಿನ ಜಾಹೀರಾತಿಗೂ, ಆಂಜನೇಯನು ಟೆಂಪೋಗಳ ಹಿಂಬದಿಯ ಗಾಜಿಗೂ ಇಳಿದು ನೆಲೆಸಿದ್ದ ದಿನಗಳಲ್ಲಿ. ಮೈಸೂರೆಂಬ ಮಹಾಪಟ್ಟಣದ ಹಳೆಯ ಬೀದಿಯೊಂದರಲ್ಲಿ, ತುಪ್ಪ ಅರಿಶಿನ ಬೆರೆಸಿ ಹದಮಾಡಿದ ಕೆಮ್ಮಣ್ಣಿನ ಅಖಾಡವನ್ನು ಗರ್ಭದಲ್ಲಿ ಧರಿಸಿದ್ದ ಹುಣಸೆಮರದ ಗರಡಿಯೆಂಬ ವೀರಕ್ಷೇತ್ರದಲ್ಲಿ, ಗಿರಿಶಿಖರಸಮಸ್ಕಂಧನೂ, ಗದಾಘಾತಕಠೋರವಕ್ಷನೂ, ದಂಡಬಸ್ಕಿಧುರಂಧರನೂ, ರಾಗಿಮುದ್ದೆವಿಧ್ವಂಸಕನೂ ಆದ ಪೈಲ್ವಾನ್ ಜವರಪ್ಪನು ಇದ್ದನು. ಇದ್ದನು ಎಂದರೆ ಸಾಲದು. ಬೀದಿಯ ಅರ್ಧ ಅಗಲ ಅವನೇ ಇದ್ದನು.

ಈ ಮಹಾನುಭಾವನ ಕೀರ್ತಿಯು ಕುಸ್ತಿಯ ಮಣ್ಣಿಗಷ್ಟೇ ಅಂಟಿಕೊಂಡಿರಲಿಲ್ಲ. ಸಂಜೆಯ ಹೊತ್ತು ಗರಡಿಯ ಜಗಲಿಯಲ್ಲಿ ಕೂತು ಅವನು ಊರವರ ಉಳುಕು ತೆಗೆಯುತ್ತಿದ್ದನು. ಅದರಲ್ಲಿ ಅವನದೇ ಒಂದು ವಿದ್ಯೆಯಿತ್ತು. "ಏನೂ ಮಾಡಕಿಲ್ಲ ಕಣಪ್ಪ, ಸುಮ್ಕೆ ನೋಡ್ತೀನಿ" ಎಂದು ನೊಂದವನ ಕೈಯನ್ನು ಹೂವಿನಂತೆ ಎತ್ತಿಕೊಳ್ಳುವನು. ಎಣ್ಣೆ ಸವರುವನು. ಮಳೆ ಬೆಳೆ ವಿಚಾರಿಸುವನು. ಆಮೇಲೆ ಹೆತ್ತತಾಯಿಯ ಕಕ್ಕುಲಾತಿಯಿಂದ, "ನಿಮ್ಮನೇಲಿ ಇವತ್ತು ಏನ್ ಸಾರು?" ಎಂದು ಕೇಳುವನು. ಆ ಬಡಪಾಯಿಯ ಮನಸ್ಸು ಕೈಯನ್ನು ಬಿಟ್ಟು ಅಡಿಗೆಮನೆಗೆ ಓಡಿದ ಆ ಒಂದು ಕ್ಷಣದಲ್ಲಿ ಲಟಕ್ಕೆಂದು ಎಳೆದುಬಿಡುವನು! "ಅವರೇಕಾಳು" ಎಂದು ಹೊರಟ ಮಾತು "ಅವ್ವೋ" ಎಂದು ಮುಗಿದ ಸಂದರ್ಭಗಳು ಲೆಕ್ಕವಿಲ್ಲದಷ್ಟು.

ಹಾಗೆ ಅರಚಿದವರಿಗೆಲ್ಲ ಒಂದೇ ಉಪದೇಶ. "ಹಲ್ಲು ಕಚ್ಕಂಡು ಸಹಿಸ್ಕಬೇಕು ಕಣ್ಲಾ! ಗಂಡಸಲ್ವಾ?" ಹೆಂಗಸರು ಬಂದರೆ "ಗಂಡಸಲ್ವಾ" ಎಂಬುದನ್ನು ಮಾತ್ರ ಬಿಡುತ್ತಿದ್ದನು. ಮೊದಲರ್ಧಕ್ಕೆ ಯಾರಿಗೂ ರಿಯಾಯಿತಿ ಇರಲಿಲ್ಲ.

ಎದುರುಮನೆಯ ದರ್ಜಿ ಲಿಂಗರಾಜಯ್ಯನ ಮಗಳು ಕೋಮಲಾ ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದು, ಮಣಿಕಟ್ಟು ಉಳುಕಿಸಿಕೊಂಡು ಈ ಜಗಲಿಗೆ ಬಂದಿದ್ದಳು. "ಏನ್ ಸಾರವ್ವಾ?" ಎಂದು ಕೇಳಿದ್ದಕ್ಕೆ "ತಿಳಿಸಾರು" ಎನ್ನಲು ಹೊರಟು, "ತಿ" ಎಂಬಲ್ಲಿಗೆ ಅವಳ ಮಾತು ನಿಂತು ಕಣ್ಣೀರು ಶುರುವಾಯಿತು. ಮಣಿಕಟ್ಟು ಮಾತ್ರ ಮಾರನೆಯ ದಿನಕ್ಕೆ ಸರಿಹೋಯಿತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಈ ಕೋಮಲಾ ಎಂಬ ಹೆಸರನ್ನು ನೆನಪಿಡಿ. ಹುಡುಗಿ ಮುಂದೆ ಓದಿದಳು, ಹಲ್ಲಿನ ಡಾಕ್ಟರಾದಳು, ಎರಡು ಬೀದಿಯಾಚೆ ಔಷಧಿ ಅಂಗಡಿಯ ಮಹಡಿಯ ಮೇಲೆ ಕ್ಲಿನಿಕ್ ತೆರೆದಳು. ತಿಳಿಸಾರನ್ನು ಮರೆತಿರಲಿಲ್ಲ.

ಇನ್ನು ಗರಡಿಯ ಒಡೆಯರ ಪ್ರಸ್ತಾಪಕ್ಕೆ ಬರೋಣ. ಉಸ್ತಾದ್ ಮುದ್ದುಮಲ್ಲಯ್ಯನವರು ಬೆಳ್ಳಿಮೀಸೆಯ ವೃದ್ಧಸಿಂಹ. ನಗು ಬಂದರೂ ಹೆಗಲ ವಲ್ಲಿಯಿಂದ ಬಾಯಿ ಮುಚ್ಚಿಕೊಂಡೇ ನಗುವ ಗಂಭೀರರು. ತಮಗೆ ವಯಸ್ಸಾಯಿತೆಂದು ತಮ್ಮ ಕೆಂಪು ರುಮಾಲನ್ನು ಜವರಪ್ಪನ ತಲೆಗೆ ಸುತ್ತಿ ಅವನನ್ನು ಉಸ್ತಾದನಾಗಿ ಮಾಡಲು ನಿಶ್ಚಯಿಸಿದ್ದರು. ಆದರೆ ಆ ಗರಡಿಯಲ್ಲಿ ಒಂದು ಕಟ್ಟಳೆ. ಉಸ್ತಾದನಾದವನು ಶ್ರಾವಣದ ಕಡೆಯ ಶನಿವಾರ ಆಂಜನೇಯನ ಮುಂದೆ ನಿಂತು, ಗಟ್ಟಿ ಕೊಬ್ಬರಿ ಬಟ್ಟಲೊಂದನ್ನು ಬರೀ ಹಲ್ಲಿನಿಂದ ಕಚ್ಚಿ ಎರಡು ಹೋಳು ಮಾಡಿ, ಅದನ್ನು ಚೂರು ಮಾಡಿ ಶಿಷ್ಯರಿಗೆ ಪ್ರಸಾದ ಹಂಚಬೇಕು. ಮುದ್ದುಮಲ್ಲಯ್ಯನವರು ವರ್ಷವರ್ಷವೂ ಜನಕ್ಕೆ ಬೆನ್ನು ಮಾಡಿ, ದೇವರಿಗೆ ಮುಖ ಮಾಡಿ, ವಲ್ಲಿಯ ಮರೆಯಲ್ಲಿ ಕೊಬ್ಬರಿಯನ್ನು ಬಾಯಿಗಿಡುತ್ತಿದ್ದರು. ಕಟ್ ಎಂದು ಶಬ್ದ! ತಿರುಗಿದರೆ ಒಂದೊಂದು ಕೈಯಲ್ಲಿ ಒಂದೊಂದು ಹೋಳು! ಶಿಷ್ಯವೃಂದಕ್ಕೆ ಮೈಯೆಲ್ಲ ಜುಮ್. ಬರುವ ಶನಿವಾರ ಆ ಕೊಬ್ಬರಿ ಜವರಪ್ಪನ ಪಾಲಿಗೆ. ಕಚ್ಚಲಾಗದೆ ಹೋದರೆ ರುಮಾಲು ಅವನ ಕಣ್ಣೆದುರೇ ಕುಳ್ಳ ನಿಂಗರಾಜುವಿನ ತಲೆಗೆ. ಈ ನಿಂಗರಾಜು ಎತ್ತರದಲ್ಲಿ ಕಡಿಮೆಯಾದರೂ ಕುಸ್ತಿಯಲ್ಲಿ ಎರಡನೆಯವನು, ಆಸೆಯಲ್ಲಿ ಮೊದಲನೆಯವನು.

ಇಂಥ ಪಟ್ಟಾಭಿಷೇಕದ ಹೊಸ್ತಿಲಲ್ಲಿ, ಅಯ್ಯೋ ವಿಧಿಯೇ, ಬಲಗಡೆಯ ಕೆಳದವಡೆಯ ಗಡಿನಾಡಿನಲ್ಲಿ ಬಹುಕಾಲದಿಂದ ಕಪ್ಪಕಾಣಿಕೆ ಒಪ್ಪಿಸುತ್ತ ವಿಧೇಯವಾಗಿದ್ದ ಒಂದು ದವಡೆ ಹಲ್ಲು ದಂಗೆಯೆದ್ದಿತು! ಅದು ತನ್ನ ಬುಡದಲ್ಲಿ ಬೆಂಕಿ ಹಚ್ಚಿ, ಕಿವಿಯ ಕೋಟೆಗೆ ದಾಳಿಯಿಟ್ಟು, ಕಪಾಲದಲ್ಲಿ ನಗಾರಿ ಬಾರಿಸಿ, ಇಡೀ ಕೆನ್ನೆಯನ್ನು ತನ್ನ ರಾಜ್ಯವೆಂದು ಘೋಷಿಸಿತು. ಹತ್ತು ಊರುಗಳ ಜಟ್ಟಿಗಳನ್ನು ಚಿತ್ ಮಾಡಿದ ವೀರನು ತಣ್ಣೀರಿನ ಲೋಟವನ್ನು ಕಂಡರೆ ಹಿಮ್ಮೆಟ್ಟತೊಡಗಿದನು. ಮುದ್ದೆಯನ್ನು ಅಗಿಯದೆ ನುಂಗಬಹುದು ಎಂಬ ಒಂದೇ ಕಾರಣಕ್ಕೆ ಜೀವ ಉಳಿದಿತ್ತು.

ನಿಂಗರಾಜುವಿಗೆ ವಾಸನೆ ಹತ್ತಿತು. ಸೋಮವಾರ ಬೆಳಿಗ್ಗೆ ಸಾಮು ಮುಗಿದ ಮೇಲೆ ಒಂದು ಜಲ್ಲೆ ಕಬ್ಬು ಹಿಡಿದುಕೊಂಡು ಹತ್ತಿರ ಬಂದು, ಕರಕರ ಸಿಗಿಯುತ್ತ ಕೂತನು.

"ತಕಳಣ್ಣ, ಒಂದು ಗಿಣ್ಣು. ಸಕ್ರೆ ಇದ್ದಂಗದೆ."

"ಬ್ಯಾಡ ಕಣ್ಲಾ. ಇವತ್ತು ಉಪಾಸ."

"ಸೋಮಾರ ಯಾವ ದೇವ್ರದಣ್ಣ?"

"ಈಶ್ವರಂದು."

"ನೆನ್ನೆ ಕಳ್ಳೆಮಿಠಾಯಿ ಕೊಟ್ಟಾಗ್ಲೂ ಉಪಾಸ ಅಂದೆ?"

"ಅದು ಸೂರ್ಯಂದು! ಇನ್ನೇನ್ಲಾ ನಿಂದು?"

"ಏನಿಲ್ಲ ಬುಡಣ್ಣ. ಉಪಾಸ ಮಾಡ್ದೋರು ಸೊರಗೋದು ಕಂಡಿವ್ನಿ. ಒಂದೇ ಕೆನ್ನೆ ಊದೋದು ಇವತ್ತೇ ಕಂಡಿದ್ದು."

"ಪಟ್ಟು ಹಾಕೋವಾಗ ಮಂಡಿ ತಾಕ್ತು ಕಣ್ಲಾ!"

"ಯಾರ್ ಮಂಡಿ?"

ಜವರಪ್ಪನು ಎದ್ದು ನಿಂತನು. ನಿಂಗರಾಜು ಕಬ್ಬಿನ ಸಮೇತ ಅಂತರ್ಧಾನನಾದನು. ಹೋಗುವಾಗ ಸಿಪ್ಪೆಯನ್ನು ಮಾತ್ರ ಉಗಿದು ಹೋದನು, ಜವರಪ್ಪನ ಎದುರಿಗೇ, ಬಲಗಡೆಯ ದವಡೆಯಿಂದ.

ಮನೆಯಲ್ಲಿ ಧರ್ಮಪತ್ನಿ ಪುಟ್ಟತಾಯಮ್ಮನು ಲವಂಗವನ್ನಿಟ್ಟಳು, ಉಪ್ಪುನೀರು ಮುಕ್ಕಳಿಸಿಸಿದಳು, ಇಂಗು ಮೆತ್ತಿದಳು. ಹಲ್ಲು ಇವೆಲ್ಲವನ್ನೂ ನೈವೇದ್ಯವೆಂದು ಸ್ವೀಕರಿಸಿ ಇನ್ನಷ್ಟು ಪ್ರಚಂಡವಾಯಿತು. ಬುಧವಾರ ಬೆಳಿಗ್ಗೆ, ಗಂಡನು ದಿಂಬನ್ನು ಕೆನ್ನೆಗೊತ್ತಿಕೊಂಡು ಕಂಬ ಸುತ್ತುತ್ತಿರುವುದನ್ನು ನೋಡಿ ಅವಳು ಹೇಳಿದಳು:

"ನಡೀರಿ, ಕೋಮಲನ ತಾವ ಹೋಗಿ ಕೀಳಿಸ್ಕಂಡು ಬರವ."

"ಸೂಜಿ ಚುಚ್ತಾರೆ ಕಣಮ್ಮಿ."

"ಚುಚ್ಲಿ."

"ಇಕ್ಕಳ ಹಾಕ್ತಾರೆ."

"ಹಾಕ್ಲಿ. ನಾನು ಮೂರು ಹೆತ್ನಲ್ಲ, ಆಗ ಬಾಗ್ಲಾಚೆ ನಿಂತ್ಕಂಡು ಏನಂದ್ರಿ ನೀವು?"

ಜವರಪ್ಪನು ಕಂಬವನ್ನು ನೋಡಿದನು.

"ಅನ್ನಿ, ಏನಂದ್ರಿ?"

"ಹಲ್ಲು ಕಚ್ಕೊ ಅಂದೆ."

"ಮೂರು ಸಲಾನೂ ಅಂದ್ರಿ. ಒಳಗಿದ್ದ ಸೂಲಗಿತ್ತಿ, ಈ ಗಂಡಸ್ನ ಯಾರಾರ ಆಚೆಗ್ ಕಳಿಸ್ರವ್ವ ಅಂದ್ಲು. ಈಗ ನೀವೊಂದ್ ಸಲ ಕಚ್ಕಳಿ ನೋಡವ."

"ಕಚ್ಕಳಕೆ ಆಗಕಿಲ್ವಲ್ಲಮ್ಮಿ, ಅದೇ ಹಲ್ಲು ನೋಯ್ತಿರೋದು!"

ಇಂಥ ಧರ್ಮಸಂಕಟವು ಹಿಂದಿನ ಯಾವ ಯುಗದ ಯಾವ ವೀರನಿಗೂ ಬಂದದ್ದಿಲ್ಲ. ಆದರೂ ಕೆಂಪು ರುಮಾಲು ಅವನ ಕಣ್ಣಮುಂದೆ ಬಂದು ನಿಂತಿತು. ಅದರ ಕೆಳಗೆ ನಿಂಗರಾಜುವಿನ ಮುಖವೂ ಬಂದಿತು. ಅಂಗಿ ತೊಟ್ಟನು.

ಶ್ರಾವಣದ ಸೆಕೆಯಲ್ಲಿ ಉಣ್ಣೆಯ ಮಫ್ಲರನ್ನು ಕಣ್ಣಿನವರೆಗೂ ಸುತ್ತಿಕೊಂಡು, ಗುರುತು ಸಿಗಬಾರದೆಂದು ಗೋಡೆಯ ಬದಿಯಲ್ಲಿ ಸಾಗಿದ ಆ ಪರ್ವತಕಾಯನನ್ನು ದಾರಿಯುದ್ದಕ್ಕೂ ಜನ "ಏನ್ ಜವರಣ್ಣ, ಚಳಿಯಾ?" ಎಂದು ಕೇಳಿದರು. ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಒಬ್ಬರೇ ಒಬ್ಬ ಮುದುಕರು ಕೂತಿದ್ದರು. ದಿನಪತ್ರಿಕೆಯನ್ನು ಪೂರ್ತಿ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದಿದ್ದರು. ತಾನೇ ತಲೆಮರೆಸಿಕೊಂಡಿದ್ದ ಜವರಪ್ಪನು ಇನ್ನೊಬ್ಬರ ತಲೆ ಯಾರದೆಂದು ನೋಡುವ ಗೋಜಿಗೆ ಹೋಗಲಿಲ್ಲ. ಪತ್ರಿಕೆಯು ಮಾತ್ರ ಸ್ವಲ್ಪ ನಡುಗಿತು.

ಒಳಗೆ ರಣರಂಗ. ಮಧ್ಯದಲ್ಲಿ ತಾನಾಗಿಯೇ ಏಳುವ, ತಾನಾಗಿಯೇ ಒರಗುವ ಮಾಯಾಸಿಂಹಾಸನ. ಅದರ ನೆತ್ತಿಯಲ್ಲಿ ರೆಪ್ಪೆಯಿಲ್ಲದ ಒಂಟಿಕಣ್ಣಿನ ದೀಪ. ಪಕ್ಕದ ತಟ್ಟೆಯಲ್ಲಿ ಅಂಕುಶ, ಭರ್ಜಿ, ಗುದ್ದಲಿ, ಸನಿಕೆಗಳ ಮರಿಗಳು ಸಾಲಾಗಿ ಮಲಗಿ ಹೊಳೆಯುತ್ತಿದ್ದವು. ಮತ್ತು ಈ ಸಮಸ್ತ ಆಯುಧಾಗಾರದ ಅಧಿದೇವತೆಯಾಗಿ, ಜವರಪ್ಪನ ಎದೆಯ ಎತ್ತರಕ್ಕೂ ಬಾರದ ಡಾಕ್ಟರ್ ಕೋಮಲಾ ನಗುತ್ತ ನಿಂತಿದ್ದಳು.

"ಬನ್ನಿ ಮಾವ, ಕೂತ್ಕೊಳ್ಳಿ. ಎಷ್ಟು ದಿನದಿಂದ ನೋವು?"

"ನೋವಾ? ನೋವೇನಿಲ್ಲ ಕಣವ್ವ. ಸುಮ್ಕೆ ನಿನ್ನ ನೋಡ್ಕಂಡೋಗವ ಅಂತ ಬಂದೆ."

"ನೆನ್ನೆಯಿಂದ ಅಳ್ತಾವ್ರೆ" ಎಂದಳು ಪುಟ್ಟತಾಯಮ್ಮ.

ಕೋಮಲಾ ಕನ್ನಡಿಕಡ್ಡಿ ಹಿಡಿದು ಇಣುಕಿದಳು. ಹಲ್ಲು ಹಾಳಾಗಿತ್ತು, ಬುಡ ಸಡಿಲವಾಗಿತ್ತು, ಕೀಳದೆ ಬೇರೆ ದಾರಿಯಿರಲಿಲ್ಲ. ಹಾಗೆಂದೇ ಹೇಳಿದಳು. ಅವನ ಮುಖ ಬಿಳಿಚಿಕೊಂಡದ್ದನ್ನು ಕಂಡು ಸಮಾಧಾನಕ್ಕೆ ಇನ್ನೊಂದು ಮಾತು ಸೇರಿಸಿದಳು.

"ಹಳೇ ಕಾಲದಲ್ಲಿ ಇಂಗ್ಲಿಷ್ ಸಿಪಾಯಿಗಳಿಗೆ ಮದ್ದಿಲ್ಲದೆ ಕೊಯ್ಯೋವಾಗ ಬಾಯಿಗೆ ಬಂದೂಕದ ಗುಂಡು ಕೊಡ್ತಿದ್ರಂತೆ ಮಾವ, ಕಚ್ಕೊಂಡಿರೋಕೆ. ಅದಕ್ಕೇ ಅವರು ಕಷ್ಟ ಬಂದಾಗ 'ಬೈಟ್ ದ ಬುಲೆಟ್' ಅಂತಾರೆ."

"ಗುಂಡು ಕೊಡವ್ವ, ಎಷ್ಟ್ ಬೇಕಾದ್ರೂ ಕಚ್ತೀನಿ. ಹಲ್ ಮುಟ್ಬೇಡ."

"ಮುಟ್ಟದೆ ಹೆಂಗೆ ಕೀಳ್ಲಿ?"

ಆಗ ಜವರಪ್ಪನು ತನ್ನ ಜನ್ಮವಿಡೀ ನೆಚ್ಚಿದ್ದ ಗರಡಿಯ ಧರ್ಮಶಾಸ್ತ್ರವನ್ನು ಆಶ್ರಯಿಸಿದನು. ಕುಸ್ತಿಗೆ ಇಳಿದ ಇಬ್ಬರೂ ಮಣ್ಣು ಮುಟ್ಟಿ, ಕೈಗೆ ಕೈ ತಾಗಿಸಿ ಸಲಾಮಿ ಮಾಡಬೇಕು. ಸಲಾಮಿಗೆ ಮುಂಚೆ ಹಾಕಿದ ಪಟ್ಟು ಪಟ್ಟಲ್ಲ. ಆಗ ಬಿದ್ದವನು ಸೋತವನಲ್ಲ.

"ನೋಡವ್ವ, ನಾನಾಗಿ ಕೈ ಕೊಡ್ತೀನಿ. ಸಲಾಮಿ ಆಗ್ಬೇಕು, ಆಮೇಲೇ ನಿನ್ನ ಇಕ್ಕಳ. ಅದಕ್ ಮುಂಚೆ ಕೈ ಹಾಕಂಗಿಲ್ಲ."

"ಆಯ್ತು ಮಾವ" ಎಂದಳು ಕೋಮಲಾ, ಹಾಲಿನಂಥ ಮುಖದಿಂದ. "ನೀವು ಕೈ ಕೊಡೋವರೆಗೂ ಏನೂ ಮಾಡಲ್ಲ. ಸುಮ್ನೆ ನೋಡ್ತೀನಿ."

ಈ ಮಾತನ್ನು ಎಲ್ಲೋ ಕೇಳಿದ್ದೇನೆ ಎಂದು ಜವರಪ್ಪನಿಗೆ ಅನ್ನಿಸಲಿಲ್ಲ. ಭಯವು ನೆನಪಿನ ಶತ್ರು. ನಿಮಗೆ ಅನ್ನಿಸಿದ್ದರೆ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ.

ಅವಳು ಒಸಡಿಗೆ ಮುಲಾಮು ಸವರಿದಳು. ಈ ಸಲ ಮಳೆ ಹೇಗೆ, ಕನ್ನಂಬಾಡಿ ಕಟ್ಟೆ ತುಂಬಿತೇ ಎಂದು ವಿಚಾರಿಸಿದಳು. ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ಲಘುವಾಗಿ ಅಲ್ಲಾಡಿಸುತ್ತ, ಇನ್ನೊಂದು ಕೈಯಲ್ಲಿ ಏನೋ ಮಾಡಿದಳು.

"ಇರುವೆ ಅವೆ ಕಣವ್ವ ನಿನ್ನ ಅಂಗ್ಡೀಲಿ. ಒಂದು ಕಚ್ತು."

"ಹೌದಾ ಮಾವ? ಔಷಧಿ ಹೊಡೆಸ್ತೀನಿ. ಈಗೊಂದು ಹತ್ತು ನಿಮಿಷ ಸುಧಾರಿಸ್ಕೊಳ್ಳಿ."

ದೊರೆತ ಈ ವಿರಾಮದಲ್ಲಿ ಮಹಾವೀರನಿಗೆ ಪ್ರಾಣ ಬಂದಿತು. ಪ್ರಾಣದ ಹಿಂದೆಯೇ ಪೌರುಷ ಬಂದಿತು. ಮಾಯಾಸಿಂಹಾಸನದಲ್ಲಿ ನೆಟ್ಟಗೆ ಕೂತು, ದೀಪದ ಒಂಟಿಕಣ್ಣನ್ನು ದಿಟ್ಟಿಸಿ, ಮೇಘಗಂಭೀರವಾಗಿ ಇಂತೆಂದನು: "ಎಲೆಗೆ ವೈದ್ಯೆ! ಯಾರ ದವಡೆಯೆದುರು ನಿಂತಿರುವೆ ಎಂಬುದನ್ನು ಬಲ್ಲೆಯಾ? ಚನ್ನಪಟ್ಟಣದ ಮದ್ದಾನೆಯನ್ನು ಹೆಗಲ ಮೇಲೆ ಹೊತ್ತು ಬಿಸುಟವನು ನಾನು! ಬೆಳಗಾವಿಯ ವಜ್ರಮುಷ್ಟಿಯನ್ನು ಬೆವರಿನಲ್ಲಿ ಮೀಯಿಸಿದವನು ನಾನು! ಪಕ್ಕೆಲುಬು ಮುರಿದಾಗಲೂ ಬಾಯಿ ಬಿಟ್ಟವನಲ್ಲ, ಭುಜ ಜಾರಿದಾಗಲೂ ಬಿಸುಸುಯ್ದವನಲ್ಲ! ಇಂದು ಈ ಯಃಕಶ್ಚಿತ್ ದಂತದ ಮುಂದೆ ದೈನ್ಯವನ್ನು ತಾಳಿದೆನಾದರೆ ನನ್ನ ಮೀಸೆಯು ಮೀಸೆಯಲ್ಲ, ನನ್ನ ಲಂಗೋಟಿಯು ಲಂಗೋಟಿಯಲ್ಲ!"

ಇದು ನಾನು ಕಾವ್ಯಕ್ಕೆ ತಕ್ಕಂತೆ ತಿದ್ದಿ ಒಗ್ಗರಣೆ ಹಾಕಿದ ಪಾಠ. ಅವನ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ ಕೇಳಬೇಕೆಂದರೆ ಹೀಗಿತ್ತು:

"ನಾನ್ ಯಾರು ಗೊತ್ತೇನವ್ವ? ಚನ್ನಪಟ್ಣದ ಪೈಲ್ವಾನ್ನ ಎತ್ತಿ ಬಿಸಾಕಿದೋನು... ಫೆಳಗಾವಿ ಹೈಲ್ವಾನ್ನ ವೆವರು ಇಲಿಸ್ದೋನು... ಹಕ್ಕೆಲ್ವು ಮುಲ್ದಾಗ್ಲೂ ವಾಯಿ ವಿಡ್ಲಿಲ್ಲ ಕನವ್ವ... ನನ್ನ ಮೀಫೆ ಮೀಫೆ ಅಲ್ಲ... ನನ್ನ ಲಂಗೋ... ಲಂಗೋಹಿ..."

ಲಂಗೋಟಿಯಲ್ಲಿ ನಾಲಿಗೆ ಸಿಕ್ಕಿಬಿದ್ದಿತು. ಇದು ಆವೇಶದ ಪರಿಣಾಮವೆಂದು ಅವನು ಭಾವಿಸಿದನು. ಪುಟ್ಟತಾಯಮ್ಮ ಮುಖ ತಿರುಗಿಸಿಕೊಂಡು ಗೋಡೆಯ ಮೇಲಿದ್ದ ಹಲ್ಲುಜ್ಜುವ ಚಿತ್ರಪಟವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದಳು.

"ಸರಿ ಮಾವ, ಬಾಯಿ ದೊಡ್ಡದಾಗಿ ತೆಗೀರಿ. ಕಣ್ಣು ಮುಚ್ಕೊಳ್ಳಿ, ಲೈಟ್ ಚುಚ್ಚುತ್ತೆ. ಎಷ್ಟು ಅಲ್ಲಾಡ್ತಿದೆ ಅಂತ ನೋಡ್ತೀನಿ."

ಗುಹಾದ್ವಾರವು ತೆರೆಯಿತು. ರೆಪ್ಪೆಗಳು ಮುಚ್ಚಿದವು. ಕೋಮಲಾ ಬಗ್ಗಿದಳು. ಬಗ್ಗಿದವಳು, ಹೆತ್ತತಾಯಿಯ ಕಕ್ಕುಲಾತಿಯಿಂದ, ಮೆಲ್ಲಗೆ ಕೇಳಿದಳು:

"ಮಾವ, ಮನೇಲಿ ಇವತ್ತು ಏನ್ ಸಾರು?"

"ಉ... ಹ್ಹಾ... ಊ..."

ತಟ್ಟೆಯಲ್ಲಿ ಟಣ್ ಎಂದು ಸಣ್ಣ ಶಬ್ದವಾಯಿತು. ಪುಟ್ಟತಾಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಇದನ್ನ ಗಟ್ಟಿಯಾಗಿ ಕಚ್ಚಿ ಹಿಡ್ಕೊಳ್ಳಿ" ಎಂದು ಕೋಮಲಾ ಏನೋ ಒಂದು ಉಂಡೆಯನ್ನು ಅವನ ಬಾಯಿಗಿಟ್ಟಳು.

ಬಂದಿತು! ಜವರಪ್ಪನ ಅಂತರಂಗದಲ್ಲಿ ರಣಕಹಳೆ ಮೊಳಗಿತು. ಇದೇ ಆ ಇಂಗ್ಲಿಷರ ಗುಂಡು! ಇನ್ನು ತಡವಿಲ್ಲ, ಇನ್ನು ತಪ್ಪಿಸಿಕೊಳ್ಳುವಂತಿಲ್ಲ. ಮುಚ್ಚಿದ ಕಣ್ಣನ್ನು ತೆರೆಯದೆ, ಕುಲದೇವರು ಮಾದೇಶ್ವರನನ್ನು ನೆನೆದು, ಮೂವರು ಮಕ್ಕಳ ಮುಖವನ್ನು ಮನದಲ್ಲೇ ಕೊನೆಯ ಬಾರಿಗೆ ನೋಡಿ, ತನ್ನ ಬಲಗೈಯನ್ನು ಗಾಳಿಯಲ್ಲಿ ಚಾಚಿದನು. ಆ ಕೈಗೆ ಒಂದು ಪುಟ್ಟ ಕೈ ಬಂದು ತಾಗಿತು. ಅದು ಈಗತಾನೇ ತೊಳೆದಂತೆ ಒದ್ದೆಯಾಗಿತ್ತು. ಸಲಾಮಿ ಆಯಿತು.

ಆಗ ನಡೆಯಿತು ನೋಡಿ ಮಹಾಯುದ್ಧ! ಮಂದರಪರ್ವತದಿಂದ ಕಡಲನ್ನು ಕಡೆಯುವಾಗ ವಾಸುಕಿಯು ಬಿಗಿದುಕೊಂಡಂತೆ ಅವನ ಕೊರಳ ನರಗಳು ಬಿಗಿದವು. ಕುಂಭಸ್ಥಳಕ್ಕೆ ಅಂಕುಶ ತಗುಲಿದ ಐರಾವತದಂತೆ ತಲೆ ಕೊಡವಿದನು. ಹಿಡಿದಿದ್ದ ಕುರ್ಚಿಯ ಎಡಗೈ ಲಟಕ್ಕೆಂದು ಕಿತ್ತು ಕೈಗೆ ಬಂದಿತು. ಉಂಡೆಯನ್ನು ಕಚ್ಚಿದನು, ಇನ್ನೂ ಕಚ್ಚಿದನು, ಕಚ್ಚಿದ ಬಾಯಿಯ ಮೂಲೆಯಿಂದ "ಅವ್ವೋಓಓಓ!" ಎಂಬ ಆರ್ತನಾದವು ಹೊರಟು, ಕಿಟಕಿಯ ಪಾರಿವಾಳಗಳನ್ನು ಚದುರಿಸಿ, ಕೆಳಗಿನ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ ಕೇಳುತ್ತಿದ್ದವನ ಕೆಮ್ಮನ್ನೇ ನಿಲ್ಲಿಸಿ, ಬೀದಿಯ ಕೊನೆಯ ಹಾಲಿನ ಬೂತಿನ ಬಳಿ ಮಲಗಿದ್ದ ನಾಯಿಯನ್ನು ಎಬ್ಬಿಸಿತು.

ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಕೋಮಲಾ ಸ್ವಲ್ಪ ಹೊತ್ತು ನೋಡಿದಳು.

"ಮಾವ."

"ಹೂಂ?"

"ಏನ್ ಮಾಡ್ತಿದ್ದೀರಿ?"

"ಫಹಿಸ್ಕತಾ ಇವ್ನಿ ಕನವ್ವ!"

"ಏನನ್ನ?"

ಜವರಪ್ಪನು ಒಂದು ಕಣ್ಣು ತೆರೆದನು. ದೀಪ ಆರಿತ್ತು. ಇಕ್ಕಳವು ತಟ್ಟೆಯಲ್ಲಿ ವಿಶ್ರಾಂತಿಯಲ್ಲಿತ್ತು. ಅದರ ಪಕ್ಕದಲ್ಲಿ, ಕಿವಿಯ ಕೋಟೆಯನ್ನು ಮುತ್ತಿದ ದಂಡನಾಯಕ, ಕಪಾಲದ ನಗಾರಿಕಾರ, ಮಹಾರಾಕ್ಷಸ, ಹುಣಸೆಬೀಜದಷ್ಟಾಗಿ ಬಿದ್ದಿದ್ದನು.

"ಯಾವಾಗ?" ಎಂದನು.

"ಏನ್ ಸಾರು ಅಂದೆ. ಉಪ್ಸಾರು ಅಂದ್ರಿ. 'ಉ' ಅನ್ನೋವಾಗ ಹಿಡ್ದೆ, 'ರು' ಅನ್ನೋವಾಗ ಬಂತು. ಇರುವೆ ಕಚ್ತು ಅಂದ್ರಲ್ಲ, ಅದೇ ಸೂಜಿ. ಮತ್ತೆ ಬಾಯಲ್ಲಿರೋದು ಗುಂಡಲ್ಲ ಮಾವ, ಹತ್ತಿ. ರಕ್ತ ನಿಲ್ಲೋಕೆ."

ಜವರಪ್ಪನ ಮೋರೆಯಲ್ಲಿ ಒಂದು ಜಗಲಿ, ಒಂದು ಸೈಕಲ್ಲು, ಒಂದು ಪುಟ್ಟ ಮಣಿಕಟ್ಟು, ಒಂದು ಅರ್ಧಕ್ಕೇ ನಿಂತ ತಿಳಿಸಾರು, ಎಲ್ಲವೂ ಒಂದರ ಹಿಂದೊಂದು ಹಾದುಹೋದವು. ಆದರೂ ಸೋಲೊಪ್ಪುವ ಕುಲ ಅವನದಲ್ಲ. ಕಿತ್ತ ಕುರ್ಚಿಯ ಕೈಯನ್ನು ಗದೆಯಂತೆ ಎತ್ತಿ ಗರ್ಜಿಸಿದನು.

"ಮೋಫ! ಫಲಾಮಿಗ್ ಮುಂಚೆ ಹಾಕಿದ್ ಹಟ್ಟು ಲೆಕ್ಕಕ್ಕಿಲ್ಲ!"

"ಹೌದಲ್ವಾ" ಎಂದಳು ಕೋಮಲಾ, ತುಂಬಾ ಗಂಭೀರವಾಗಿ, ಇಕ್ಕಳವನ್ನು ಎತ್ತಿಕೊಳ್ಳುತ್ತ. "ತಪ್ಪಾಯ್ತು ಮಾವ. ಹಂಗಾದ್ರೆ ಹಲ್ಲನ್ನ ವಾಪಸ್ ಅಲ್ಲೇ ಕೂರಿಸ್ತೀನಿ. ಈಗ ಸಲಾಮಿ ಆಗಿದೆಯಲ್ಲ, ನ್ಯಾಯವಾಗಿ ಇನ್ನೊಂದ್ಸಲ ಕೀಳ್ತೀನಿ. ಬಾಯಿ ತೆಗೀರಿ."

ಗದೆ ಕೆಳಗಿಳಿಯಿತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಆರ್ತನಾದಕ್ಕೆ ಓಡಿಬಂದವರು ಹೊರಗೆ ಪತ್ರಿಕೆಯ ಹಿಂದೆ ಕೂತಿದ್ದ ಮುದುಕರು. ಪತ್ರಿಕೆ ಈಗ ಇರಲಿಲ್ಲ. ಬೆಳ್ಳಿಮೀಸೆ ಇತ್ತು. ಉಸ್ತಾದ್ ಮುದ್ದುಮಲ್ಲಯ್ಯನವರು!

ಹಲ್ಲು ಹೋಯಿತು, ಮಾನ ಹೋಯಿತು, ಇನ್ನು ರುಮಾಲು. ಅದು ನಿಂಗರಾಜುವಿನ ತಲೆಯ ಮೇಲೆ ಸುತ್ತು ಸುತ್ತಾಗಿ ಏರುವುದು ಜವರಪ್ಪನಿಗೆ ಕಂಡಿತು. ಕುರ್ಚಿಯಿಂದ ಇಳಿದು, ಬಾಯಿಯ ಹತ್ತಿಯ ಸಮೇತ, ಗುರುಗಳ ಕಾಲಿಗೆ ಬಿದ್ದನು.

"ತಪ್ಪಾಯ್ತು ಉಫ್ತಾದ್ರೆ. ಅವ್ವೋ ಅಂದ್ವುಟ್ಟೆ. ಛನಿವಾರ ಕೊವ್ವರಿ ಕಚ್ಚಕೆ ನಂಗಾಗಕಿಲ್ಲ. ಲುಮಾಲು ನಿಂಗ್ರಾಜೂಗೇ ಇಡಿ."

ಉಸ್ತಾದರು ಅವನನ್ನು ಎತ್ತಿ ನಿಲ್ಲಿಸಿದರು. ಒಮ್ಮೆ ಪುಟ್ಟತಾಯಮ್ಮನನ್ನು ನೋಡಿದರು, ಒಮ್ಮೆ ಕೋಮಲಾಳನ್ನು ನೋಡಿದರು. ಇಷ್ಟು ವರ್ಷ ಯಾವ ಶಿಷ್ಯನೂ ಕಾಣದಿದ್ದ ಒಂದು ಕೆಲಸ ಮಾಡಿದರು. ವಲ್ಲಿ ಸರಿಸಿ ಬಾಯಿ ತೆರೆದರು.

ಒಳಗೆ ಏನೂ ಇರಲಿಲ್ಲ. ಒಂದೇ ಒಂದು ಹಲ್ಲೂ ಇರಲಿಲ್ಲ.

"ಕೋಮಲವ್ವ, ನನ್ ಫೆಟ್ಟು ಲೆಡಿ ಆಯ್ತಾ?" ಎಂದರು.

"ಆಯ್ತು ತಾತ. ಬಿರುಕು ಬಿಟ್ಟಿತ್ತು, ಅಂಟಿಸಿದೀನಿ" ಎಂದು ಅವಳು ಡಬ್ಬಿಯಿಂದ ಎರಡೂ ಸಾಲಿನ ಹಲ್ಲುಗಳನ್ನು ತೆಗೆದುಕೊಟ್ಟಳು. ಉಸ್ತಾದರು ಅದನ್ನು ಬಾಯಿಗೆ ಹಾಕಿ, ಎರಡು ಸಲ ಕಟಕಟ ಎನ್ನಿಸಿ, ಗಂಟಲು ಸರಿಮಾಡಿಕೊಂಡು, ತಮ್ಮ ಹಳೆಯ ಕಂಚಿನ ಕಂಠದಲ್ಲಿ ಮಾತಾಡಿದರು.

"ನೋಡ್ಲಾ ಜವ್ರ. ಕೊಬ್ಬರೀನ ನಮ್ಮನೆಯವಳು ಶುಕ್ರವಾರವೇ ಗರಗಸದಲ್ಲಿ ಗೀಟಾಡಿಸಿ, ಗೀಟಿಗೆ ಬೆಲ್ಲ ಮೆತ್ತಿ ಮಡಗ್ತಾಳೆ. ನಾನು ವಲ್ಲಿ ಮರೇಲಿ ಬೆರಳಲ್ಲಿ ಮುರೀತೀನಿ. ಅದೇ ಕಟ್ ಅನ್ನದು."

"ಮತ್ತೆ ನಿಮ್ ಉಫ್ತಾದ್ರು?"

"ಅವರಿಗೆ ಅವರವ್ವ ಕುಯ್ದು ಕೊಡ್ತಿತ್ತಂತೆ. ರುಮಾಲು ಇಡೋ ಹಿಂದಿನ ದಿನ ನಂಗೆ ಹೇಳಿದ್ರು. ನಾನೂ ನಿಂಗೆ ಶುಕ್ರವಾರ ಹೇಳವ ಅಂತಿದ್ದೆ. ನೀನು ನೋಡಿದ್ರೆ ಅವಸರ ಬಿದ್ದು ಹಲ್ಲೇ ಕೀಳಿಸ್ಕಂಡೆ."

ಪುಟ್ಟತಾಯಮ್ಮ ಸೆರಗನ್ನು ಬಾಯಿಂದ ತೆಗೆದು, ಸೊಂಟಕ್ಕೆ ಸಿಕ್ಕಿಸಿ, ನಿಧಾನವಾಗಿ ಕೇಳಿದಳು:

"ಅಂಗಾದ್ರೆ ಶುಕ್ರವಾರ ಗರಗಸ ಹಿಡಿಯೋಳು ನಾನಾ?"

"ಇನ್ಯಾರವ್ವ? ನೀನೇ."

"ಅಂಗಾದ್ರೆ ಆ ರುಮಾಲ್ನ ನಂಗೇ ಇಡಿ. ಇವರು ಪಕ್ಕದಲ್ಲಿ ನಿಂತ್ಕಂಡು ಹಲ್ಲು ಕಚ್ಕಳ್ಲಿ."

ಮೊದಲು ನಕ್ಕವರು ಉಸ್ತಾದರು, ಈ ಸಲ ವಲ್ಲಿಯಿಲ್ಲದೆ, ಈಗತಾನೇ ಅಂಟಿಸಿದ ಎರಡು ಸಾಲನ್ನೂ ಬೆಳಗಿಸಿಕೊಂಡು. ಕೋಮಲಾ ಬೇಸಿನ್ ಹಿಡಿದುಕೊಂಡು ನಕ್ಕಳು. ಪುಟ್ಟತಾಯಮ್ಮ ಗಂಡನ ಮುಖ ನೋಡಿ ನೋಡಿ ನಕ್ಕಳು. ಆದರೆ ಅವರೆಲ್ಲರ ನಗುವನ್ನೂ ಮುಳುಗಿಸಿ, ಗಿರಿಶಿಖರಸಮಸ್ಕಂಧಗಳು ಕುಲುಕಾಡುವಂತೆ, ಮರಗಟ್ಟಿದ ಬಲಗೆನ್ನೆಯನ್ನು ಹಾಗೇ ಬಿಟ್ಟು ಎಡಗೆನ್ನೆಯಿಂದ ಮಾತ್ರ, ಜೊಲ್ಲು ಸುರಿಸುತ್ತ, ಕುರ್ಚಿಯ ಮುರುಕು ಕೈಯಿಂದ ತೊಡೆ ಬಡಿದುಕೊಳ್ಳುತ್ತ, ನಾಯಿ ಎರಡನೆಯ ಸಲ ಎದ್ದು ಬೊಗಳುವಷ್ಟು ಜೋರಾಗಿ ನಕ್ಕವನು ಪೈಲ್ವಾನ್ ಜವರಪ್ಪ.

"ಮಾವ, ನಗಬೇಡಿ! ಹತ್ತಿ ಕಚ್ಚಿ ಹಿಡ್ಕೊಳ್ಳಿ!" ಎಂದು ಕೋಮಲಾ ಕೂಗಿದಳು.

"ಆಗಕಿಲ್ಲ ಕನವ್ವಾ..." ಎನ್ನುವಷ್ಟರಲ್ಲಿ ಹತ್ತಿಯುಂಡೆ ಬಾಯಿಂದ ಹಾರಿ, ತಟ್ಟೆಯಲ್ಲಿದ್ದ ಹಲ್ಲಿನ ಪಕ್ಕಕ್ಕೇ ಹೋಗಿ ಬಿತ್ತು.